ಎಂಟು ಗಂಟೆಯ ಲೆಕ್ಕ

ನಮ್ಮ ಕಲಿಕಾ ಕೇಂದ್ರ ನಡೆಯುವುದು ಶಾಲೆಯ ಜಗಲಿಯಲ್ಲಿ. ರಾತ್ರಿ ಏಳೂವರೆಗೆ ಶುರು. ಬರುವವರಲ್ಲಿ ಹೆಂಗಸರೇ ಹೆಚ್ಚು. ಅವರಲ್ಲಿ ಆರು ಜನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ಊರ ಬಾಗಿಲಿಗೆ ಫ್ಯಾಕ್ಟರಿ ವ್ಯಾನು ಬರುತ್ತದೆ. ಸಂಜೆ ಅದೇ ವ್ಯಾನಿನಲ್ಲಿ ವಾಪಸ್ಸು.

ಒಂದು ದಿನ ಅವರಲ್ಲಿ ಒಬ್ಬ ಅಕ್ಕ ತುಂಬ ತಡವಾಗಿ ಬಂದರು. ನಾವು ಆಗಲೇ ಸ್ಲೇಟು ಎತ್ತಿಡುತ್ತಿದ್ದೆವು.

"ಓಟಿ ಇತ್ತು ಮೇಷ್ಟ್ರೇ. ಆದ್ರೂ ಬಂದೆ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು" ಅಂದರು. "ಗೇಟ್ ಹತ್ರ ಒಂದು ಬೋರ್ಡು ಹಾಕವ್ರೆ. ದಿನಾ ನೋಡ್ತಿದ್ದೆ, ಓದಕ್ಕೆ ಬರ್ತಿರ್ಲಿಲ್ಲ. ಇವತ್ತು ಓದ್ದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಅಂತ ಅದೆ. ಈ ಎಂಟು ಅನ್ನೋದನ್ನ ಯಾರು ಹೇಳಿದ್ದು? ಹತ್ತು ಯಾಕಲ್ಲ?"

"ಸರ್ಕಾರ ಹೇಳಿದ್ದು" ಅಂದೆ.

"ಸರ್ಕಾರಕ್ಕೆ ಯಾರು ಹೇಳಿದ್ರು?"

ನನ್ನ ಬಾಯಿ ಕಟ್ಟಿತು. ಮೇಷ್ಟ್ರ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಆಮೇಲೆ ಪುಸ್ತಕ ಹುಡುಕಿ ಓದಿದೆ. ಹುಡುಕುತ್ತಾ ಹೋದರೆ ದಾರಿ ಜಿನೀವಾ ಎಂಬ ಊರಿಗೆ ಹೋಗಿ ಮುಟ್ಟಿತು. ಅದು ಇರುವುದು ಸ್ವಿಟ್ಜರ್ಲೆಂಡ್ ದೇಶದಲ್ಲಿ. ನಮ್ಮ ಅಕ್ಕನ ಫ್ಯಾಕ್ಟರಿ ಗೇಟಿಗೂ ಆ ಊರಿಗೂ ಏನು ಸಂಬಂಧ? ಅದನ್ನೇ ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿ. ಒಂದೇ ದಿನ ಮುಗಿಸಬೇಕೆಂದೇನಿಲ್ಲ.

ಹಿಂದೆ ಹೇಗಿತ್ತು?

ನಮ್ಮ ದೇಶದಲ್ಲಿ ದೊಡ್ಡ ಬಟ್ಟೆ ಗಿರಣಿಗಳು ಮೊದಲು ಬಂದದ್ದು ಮುಂಬಯಿ, ಅಹಮದಾಬಾದ್ ಕಡೆ. ಅಲ್ಲಿ ಗಡಿಯಾರದ ಲೆಕ್ಕ ಇರಲಿಲ್ಲ. ಸೂರ್ಯ ಹುಟ್ಟಿದಾಗ ಕೆಲಸ ಶುರು, ಮುಳುಗಿದಾಗ ಮುಗಿಯುವುದು. ಆಮೇಲೆ ಕರೆಂಟು ದೀಪ ಬಂತು. ದೀಪ ಬಂದರೆ ಒಳ್ಳೆಯದೇ ತಾನೇ ಅನ್ನಬಹುದು. ಗಿರಣಿ ಕೂಲಿಯವರಿಗೆ ಮಾತ್ರ ಅದು ಶನಿಯಾಯಿತು. ಸೂರ್ಯ ಮುಳುಗಿದರೂ ಕೆಲಸ ಮುಗಿಯಲಿಲ್ಲ.

1881ರಲ್ಲಿ ಬ್ರಿಟಿಷ್ ಸರ್ಕಾರ ಮೊದಲ ಕಾರ್ಖಾನೆ ಕಾಯ್ದೆ ತಂದಿತು. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು ಎಂದಿತು. ಏಳು ವರ್ಷ! ನಮ್ಮ ಶಾಲೆಯ ಎರಡನೇ ತರಗತಿ ಮಗುವಿನ ವಯಸ್ಸು. ಏಳರಿಂದ ಹನ್ನೆರಡು ವರ್ಷದವರು ದಿನಕ್ಕೆ ಒಂಬತ್ತು ಗಂಟೆ ದುಡಿಯಬಹುದಿತ್ತು. ದೊಡ್ಡವರಿಗೆ ಮಿತಿಯೇ ಇರಲಿಲ್ಲ. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆ ಎಂಬ ಮಿತಿ ಬಂತು.

ಈ ಕಾಯ್ದೆ ಬರಲಿ ಎಂದು ಒತ್ತಾಯ ಮಾಡಿದವರಲ್ಲಿ ಇಂಗ್ಲೆಂಡಿನ ಗಿರಣಿ ಮಾಲೀಕರೂ ಇದ್ದರು. ನಮ್ಮ ಮಕ್ಕಳ ಮೇಲಿನ ಕರುಣೆ ಒಂದೇ ಇದಕ್ಕೆ ಕಾರಣವಲ್ಲ. ಇಂಗ್ಲೆಂಡಿನಲ್ಲಿ ಆಗಲೇ ಕಾನೂನು ಬಂದಿತ್ತು. ಇಲ್ಲಿ ಕಾನೂನಿಲ್ಲ, ಕೂಲಿ ಅಗ್ಗ, ಬಟ್ಟೆ ಅಗ್ಗ. ಅವರ ವ್ಯಾಪಾರಕ್ಕೆ ಪೆಟ್ಟು ಬಿದ್ದಿತ್ತು.

ಇದನ್ನು ಹೀಗೆ ತಿಳಿಯೋಣ. ಒಂದೂರಿನಲ್ಲಿ ಎರಡು ಇಟ್ಟಿಗೆ ಗೂಡು ಇವೆ. ಒಬ್ಬ ಮಾಲೀಕ ಒಳ್ಳೆಯವನು. ಕೂಲಿ ಸರಿಯಾಗಿ ಕೊಡುತ್ತಾನೆ, ಸಂಜೆ ಹೊತ್ತಿಗೆ ಸರಿಯಾಗಿ ಬಿಡುತ್ತಾನೆ. ಇನ್ನೊಬ್ಬ ರಾತ್ರಿವರೆಗೆ ದುಡಿಸುತ್ತಾನೆ, ಅರ್ಧ ಕೂಲಿ ಕೊಡುತ್ತಾನೆ. ಯಾರ ಇಟ್ಟಿಗೆ ಅಗ್ಗ? ಎರಡನೆಯವನದ್ದು. ಗಿರಾಕಿ ಅಲ್ಲಿಗೇ ಹೋಗುತ್ತಾನೆ. ಒಳ್ಳೆಯವನು ಎಷ್ಟು ದಿನ ಒಳ್ಳೆಯವನಾಗಿ ಇರಬಲ್ಲ? ಇಬ್ಬರಿಗೂ ಒಂದೇ ಕಟ್ಟುಪಾಡು ಹಾಕಿದರೆ ಮಾತ್ರ ನಡೆಯುತ್ತದೆ. ದೇಶ ದೇಶಗಳ ನಡುವೆಯೂ ಇದೇ ಕತೆ. ಅದಕ್ಕೆ ಎಲ್ಲ ದೇಶಗಳೂ ಕೂತು ಒಂದು ಕಟ್ಟುಪಾಡು ಮಾಡಬೇಕು ಎಂಬ ಯೋಚನೆ ಬಂತು.

1919ರಲ್ಲಿ ಏನಾಯಿತು?

1914ರಿಂದ 1918ರವರೆಗೆ ಮೊದಲ ಮಹಾಯುದ್ಧ ನಡೆಯಿತು. ಭಾರತದ ಹತ್ತು ಲಕ್ಷಕ್ಕೂ ಹೆಚ್ಚು ಜನ ಈ ಯುದ್ಧದಲ್ಲಿ ಸೈನಿಕರಾಗಿ, ಕೂಲಿಯವರಾಗಿ ದುಡಿದರು. ಯುದ್ಧ ಮುಗಿದ ಮೇಲೆ 1919ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಒಪ್ಪಂದ ಆಯಿತು. ದುಡಿಯುವವರಿಗೆ ನ್ಯಾಯ ಸಿಗದೆ ಲೋಕದಲ್ಲಿ ಶಾಂತಿ ಉಳಿಯದು ಎಂದು ಆ ಒಪ್ಪಂದದಲ್ಲೇ ಬರೆದರು. ಅದರಿಂದಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿತು. ಚಿಕ್ಕದಾಗಿ ಐ.ಎಲ್.ಒ. ಅನ್ನುತ್ತಾರೆ. ಅದರ ಕಚೇರಿ ಜಿನೀವಾದಲ್ಲಿದೆ.

ಭಾರತ ಆಗ ಸ್ವತಂತ್ರ ದೇಶವಲ್ಲ. ಆದರೂ ಒಪ್ಪಂದಕ್ಕೆ ಭಾರತದ ಹೆಸರಿನಲ್ಲೂ ಸಹಿ ಬಿದ್ದಿತ್ತು. ಹೀಗಾಗಿ ಐ.ಎಲ್.ಒ. ಹುಟ್ಟಿದ ದಿನದಿಂದಲೇ ಭಾರತ ಅದರ ಸದಸ್ಯ. ಮನೆಯ ಯಜಮಾನಿಕೆ ಬೇರೆಯವರ ಕೈಯಲ್ಲಿ, ಪಂಚಾಯಿತಿಯಲ್ಲಿ ಮಾತ್ರ ನಮ್ಮ ಹೆಸರಿಗೊಂದು ಚಾಪೆ. ಹಾಗಿತ್ತು ನಮ್ಮ ಸ್ಥಿತಿ. ಮೈಸೂರಿನಂಥ ಸಂಸ್ಥಾನಗಳಿಗೆ ಅದೂ ನೇರವಾಗಿ ಇರಲಿಲ್ಲ. ಒಪ್ಪಂದಗಳು ಬ್ರಿಟಿಷ್ ಭಾರತಕ್ಕೆ ಮಾತ್ರ ಅನ್ನುತ್ತಿದ್ದರು.

ಅದೇ ವರ್ಷ ಅಮೆರಿಕದ ವಾಷಿಂಗ್ಟನ್‌ನಲ್ಲಿ ಮೊದಲ ಸಮ್ಮೇಳನ ನಡೆಯಿತು. ಮೊಟ್ಟಮೊದಲ ಒಪ್ಪಂದವೇ ದುಡಿಮೆಯ ಹೊತ್ತಿನ ಬಗ್ಗೆ. ಕೈಗಾರಿಕೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಇದಕ್ಕಾಗಿ ಬೇರೆ ಬೇರೆ ದೇಶಗಳ ಕಾರ್ಮಿಕರು ಎಷ್ಟೋ ವರ್ಷದಿಂದ ಹೋರಾಡುತ್ತಿದ್ದರು. 1886ರಲ್ಲಿ ಚಿಕಾಗೋ ಊರಿನಲ್ಲಿ ರಕ್ತವೇ ಹರಿದಿತ್ತು. ಮೇ 1ನೇ ತಾರೀಕು ಕಾರ್ಮಿಕರ ದಿನ ಮಾಡುವುದು ಅದೇ ನೆನಪಿಗೆ.

ಅಕ್ಕ ಕೇಳಿದ ಎಂಟು ಗಂಟೆ ಲೋಕದ ಒಪ್ಪಂದವಾದದ್ದು ಅಲ್ಲಿ. ಆದರೆ ಅದೇ ಒಪ್ಪಂದದೊಳಗೆ ಇನ್ನೊಂದು ಸಾಲೂ ಇತ್ತು. ಬ್ರಿಟಿಷ್ ಭಾರತಕ್ಕೆ ವಾರಕ್ಕೆ 60 ಗಂಟೆ! ಹವಾಮಾನ ಬೇರೆ ಇರುವ, ಕೈಗಾರಿಕೆ ಇನ್ನೂ ಬೆಳೆಯದ ದೇಶಗಳಿಗೆ ಬೇರೆ ನಿಯಮ ಇರಬಹುದು ಎಂದು ವರ್ಸೇಲ್ಸ್ ಒಪ್ಪಂದದಲ್ಲೇ ದಾರಿ ಬಿಟ್ಟಿದ್ದರು.

ಲೆಕ್ಕ ಮಾಡೋಣ. 48ನ್ನು ಆರು ದಿನಕ್ಕೆ ಹಂಚಿ. ದಿನಕ್ಕೆ 8. ಇನ್ನು 60ನ್ನು ಆರು ದಿನಕ್ಕೆ ಹಂಚಿ. ದಿನಕ್ಕೆ 10. ಅವರ ಬೆವರಿಗೆ ಒಂದು ಅಳತೆ, ನಮ್ಮ ಬೆವರಿಗೆ ಇನ್ನೊಂದು ಅಳತೆ.

ಆ ಸಮ್ಮೇಳನಕ್ಕೆ ಭಾರತದ ಕಾರ್ಮಿಕರ ಪರವಾಗಿ ಹೋದವರು ಎನ್. ಎಂ. ಜೋಶಿ. ಅವರು ಮೊದಲು ಶಾಲಾ ಮೇಷ್ಟ್ರಾಗಿದ್ದವರು ಎಂದು ಓದಿ ನನಗೆ ಖುಷಿಯಾಯಿತು. ಅವರನ್ನು ಆರಿಸಿ ಕಳಿಸಿದ್ದು ಮಾತ್ರ ಸರ್ಕಾರ. ಯಾಕೆಂದರೆ ಇಡೀ ದೇಶದ ಕಾರ್ಮಿಕರ ಸಂಘ ಎಂಬುದೇ ಆಗ ಇರಲಿಲ್ಲ. ಕಾರ್ಮಿಕರ ಪ್ರತಿನಿಧಿಯನ್ನು ಕಾರ್ಮಿಕರ ಸಂಘಗಳನ್ನು ಕೇಳಿ ಆರಿಸಬೇಕು ಎಂಬುದು ಐ.ಎಲ್.ಒ. ನಿಯಮ. ಸಂಘವೇ ಇಲ್ಲದಿದ್ದರೆ ಯಾರನ್ನು ಕೇಳುವುದು? 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಹುಟ್ಟಿತು. ಲಾಲಾ ಲಜಪತ ರಾಯರು ಮೊದಲ ಅಧ್ಯಕ್ಷರು. ಅದು ಹುಟ್ಟಲು ಈ ಜಿನೀವಾದ ಕುರ್ಚಿಯೂ ಒಂದು ಕಾರಣ. 1927ರ ಸಮ್ಮೇಳನಕ್ಕೆ ಕಾರ್ಮಿಕರ ಪರವಾಗಿ ವಿ. ವಿ. ಗಿರಿ ಹೋಗಿದ್ದರು. ಅವರು 1965ರಲ್ಲಿ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದರು. 1969ರಲ್ಲಿ ರಾಷ್ಟ್ರಪತಿಗಳಾದರು.

1921ರಲ್ಲಿ ಭಾರತ ಆ ಮೊದಲ ಒಪ್ಪಂದವನ್ನು ಒಪ್ಪಿತು. 1922ರ ಕಾನೂನಿನಲ್ಲಿ ವಾರಕ್ಕೆ 60 ಗಂಟೆ ಎಂದಾಯಿತು. 1934ರಲ್ಲಿ 54ಕ್ಕೆ ಇಳಿಯಿತು. ಡಾ. ಅಂಬೇಡ್ಕರ್ ಅವರು 1942ರಿಂದ 1946ರವರೆಗೆ ವೈಸರಾಯ್ ಮಂಡಲದಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಟ್ಟಿಗೆ ಕೂರುವ ಸಮ್ಮೇಳನ ಅವರ ಕಾಲದಲ್ಲೇ ಇಲ್ಲಿ ಶುರುವಾಯಿತು. 1946ರಲ್ಲಿ ವಾರಕ್ಕೆ 48 ಗಂಟೆ ಎಂದು ಕಾನೂನು ಬಂತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯಲ್ಲೂ ಅದೇ ಉಳಿಯಿತು.

ವಾಷಿಂಗ್ಟನ್‌ನ 48 ನಮ್ಮ ಗಿರಣಿ ಬಾಗಿಲಿಗೆ ಬರಲು 27 ವರ್ಷ ಹಿಡಿಯಿತು.

ಅಲ್ಲಿ ಕೆಲಸ ಹೇಗೆ ನಡೆಯುತ್ತದೆ?

ಐ.ಎಲ್.ಒ.ದಲ್ಲಿ ಈಗ 187 ದೇಶಗಳಿವೆ. ಪ್ರತಿ ವರ್ಷ ಜಿನೀವಾದಲ್ಲಿ ದೊಡ್ಡ ಸಮ್ಮೇಳನ. ಒಂದೊಂದು ದೇಶಕ್ಕೂ ನಾಲ್ಕು ಓಟು. ಎರಡು ಸರ್ಕಾರದ್ದು, ಒಂದು ಮಾಲೀಕರದ್ದು, ಒಂದು ಕಾರ್ಮಿಕರದ್ದು. ಸರ್ಕಾರ ಒಂದು ಕಡೆ ಕೈ ಎತ್ತಿದರೆ ಅದೇ ದೇಶದ ಕಾರ್ಮಿಕ ಇನ್ನೊಂದು ಕಡೆ ಕೈ ಎತ್ತಬಹುದು. ಇದು ನನಗೆ ತುಂಬ ಇಷ್ಟವಾದ ವಿಷಯ. 1950ರ ಸಮ್ಮೇಳನಕ್ಕೆ ನಮ್ಮ ಬಾಬು ಜಗಜೀವನ ರಾಂ ಅಧ್ಯಕ್ಷರಾಗಿದ್ದರು.

ಮೂರರಲ್ಲಿ ಎರಡು ಪಾಲು ಓಟು ಬಿದ್ದರೆ ಒಪ್ಪಂದ ಪಾಸಾಗುತ್ತದೆ. ಪಾಸಾದ ಕೂಡಲೇ ಎಲ್ಲ ದೇಶಕ್ಕೂ ಅನ್ವಯ ಆಗುವುದಿಲ್ಲ. ಪ್ರತಿ ದೇಶವೂ ಮನೆಗೆ ತಂದು ಓದಬೇಕು. ನಮ್ಮಿಂದ ಆಗುತ್ತದೆ ಅನ್ನಿಸಿದರೆ ಸಹಿ ಹಾಕಬೇಕು. ಇದಕ್ಕೆ ಅನುಮೋದನೆ ಅನ್ನುತ್ತಾರೆ. ಹೆಬ್ಬೆಟ್ಟು ಒತ್ತುವುದಕ್ಕೂ ಓದಿ ಸಹಿ ಹಾಕುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಲ್ಲ. ಓದಿ ಸಹಿ ಹಾಕಿದ ಮೇಲೆ 'ನಂಗೆ ತಿಳೀಲಿಲ್ಲ' ಅನ್ನುವ ಹಾಗಿಲ್ಲ. ಸಹಿ ಹಾಕಿದ ದೇಶ ಏನು ಮಾಡಿದೆ ಎಂದು ಆಗಾಗ ವರದಿ ಕಳಿಸಬೇಕು. ಆ ವರದಿ ಓದಲು ತಿಳಿದವರ ಒಂದು ಸಮಿತಿ ಇದೆ. ಅವರು ಪ್ರಶ್ನೆ ಕೇಳುತ್ತಾರೆ. ಕಾರ್ಮಿಕ ಸಂಘಗಳೂ ಅವರಿಗೆ ಬರೆಯಬಹುದು.

"ಸಹಿ ಹಾಕಿ ತಪ್ಪಿದ್ರೆ ಪೊಲೀಸ್ ಬರ್ತಾರಾ?" ಎಂದು ತರಗತಿಯಲ್ಲಿ ಕೇಳಿದರು. ಇಲ್ಲ. ಐ.ಎಲ್.ಒ.ಗೆ ಪೊಲೀಸ್ ಇಲ್ಲ, ಜೈಲು ಇಲ್ಲ. ನಾಲ್ಕು ಜನರ ಮುಂದೆ ನಿಲ್ಲಿಸಿ ಕೇಳುತ್ತಾರೆ. ಮಾನ ಇರುವವರಿಗೆ ಅದೂ ಸಣ್ಣದಲ್ಲ. ಆದರೆ ಅದರಿಂದಲೇ ಎಲ್ಲ ಆಗುತ್ತದೆ ಎಂದು ನಾನು ಹೇಳಲಾರೆ.

ನಮ್ಮ ದೇಶದ್ದೇ ನೋಡಿ. ಬಲವಂತದ ದುಡಿಮೆ ಕೂಡದು ಎಂಬ ಒಪ್ಪಂದಕ್ಕೆ ಭಾರತ 1954ರಲ್ಲಿ ಸಹಿ ಹಾಕಿತು. ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ನಡುವೆ 22 ವರ್ಷ. ಸಾಲಕ್ಕೆ ಮಗನನ್ನು ಜೀತಕ್ಕಿಟ್ಟ ಅಪ್ಪನಿಗೆ ಜಿನೀವಾದ ಕಾಗದ ಏನು ಗೊತ್ತು? ಹೆಣ್ಣಿಗೂ ಗಂಡಿಗೂ ಸಮಾನ ಕೂಲಿ ಎಂಬ ಒಪ್ಪಂದಕ್ಕೆ 1958ರಲ್ಲಿ ಸಹಿ ಬಿತ್ತು. ಅದಕ್ಕೂ ಕಾಯ್ದೆ ಬಂದದ್ದು 1976ರಲ್ಲೇ. ಕಳೆ ಕೀಳುವ ಹೆಂಗಸಿಗೂ ಗುದ್ದಲಿ ಹಿಡಿಯುವ ಗಂಡಸಿಗೂ ನಮ್ಮೂರಲ್ಲಿ ಇವತ್ತು ಎಷ್ಟೆಷ್ಟು ಕೂಲಿ, ನೀವೇ ಹೇಳಿ.

ಮಕ್ಕಳ ವಿಷಯದಲ್ಲಿ ಉಲ್ಟಾ ಆಯಿತು. ಮೊದಲು ಕಾನೂನು, ಆಮೇಲೆ ಸಹಿ. ಕೆಲಸಕ್ಕೆ ಸೇರುವ ವಯಸ್ಸಿನ ಒಪ್ಪಂದ ಐ.ಎಲ್.ಒ.ದಲ್ಲಿ ಪಾಸಾದದ್ದು 1973ರಲ್ಲಿ. ಮಕ್ಕಳನ್ನು ಕೆಟ್ಟ, ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂಬ ಒಪ್ಪಂದ 1999ರದ್ದು. ನಮ್ಮಲ್ಲಿ 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬಂತು. 2016ರಲ್ಲಿ ಅದನ್ನು ತಿದ್ದಿದರು. 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಾಯಿತು. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು ಎಂಬ ಸಡಿಲಿಕೆ ಮಾತ್ರ ಇದೆ. 2017ರ ಜೂನ್ 13ರಂದು ಭಾರತ ಎರಡೂ ಒಪ್ಪಂದಕ್ಕೆ ಸಹಿ ಹಾಕಿತು. ಅದಕ್ಕೂ ಮೊದಲೇ, 1992ರಿಂದ, ಬಾಲಕಾರ್ಮಿಕ ಪದ್ಧತಿ ಹೋಗಲಾಡಿಸಲು ಐ.ಎಲ್.ಒ. ಭಾರತದ ಜೊತೆ ಕೆಲಸ ಮಾಡಿತ್ತು. ನಮ್ಮ ರಾಜ್ಯದ ಬೀದರ್, ಚಾಮರಾಜನಗರ ಜಿಲ್ಲೆಗಳಲ್ಲೂ ಅದರ ಯೋಜನೆ ನಡೆದಿತ್ತು.

ಸಹಿ ಹಾಕದವು ಯಾವುವು?

ಐ.ಎಲ್.ಒ.ದ ಒಪ್ಪಂದಗಳು 190ಕ್ಕೂ ಹೆಚ್ಚು. 2024ರ ಹೊತ್ತಿಗೆ ಭಾರತ ಒಪ್ಪಿದ್ದು 47. ಒಪ್ಪದೆ ಉಳಿಸಿಕೊಂಡಿದ್ದರಲ್ಲಿ ಎರಡು ಬಹಳ ಮುಖ್ಯ. 87ನೇದು, ಸಂಘ ಕಟ್ಟುವ ಸ್ವಾತಂತ್ರ್ಯ. 98ನೇದು, ಸಂಘದ ಮೂಲಕ ಕೂಲಿ ಚೌಕಾಸಿ ಮಾಡುವ ಹಕ್ಕು. ಸಂಘ ಕಟ್ಟುವ ಹಕ್ಕು ನಮ್ಮ ಸಂವಿಧಾನದಲ್ಲೇ ಇದೆ. ಮತ್ತೆ ಯಾಕೆ ಸಹಿ ಇಲ್ಲ? ಸರ್ಕಾರಿ ನೌಕರರಿಗೆ ಕೆಲವು ನಿರ್ಬಂಧಗಳಿವೆ, ಆ ಒಪ್ಪಂದಕ್ಕೆ ಸಹಿ ಹಾಕಿದರೆ ಅವರಿಗೂ ಮುಷ್ಕರ ಮುಂತಾದ ಹಕ್ಕು ಕೊಡಬೇಕಾಗುತ್ತದೆ ಎಂಬುದು ಸರ್ಕಾರದ ಉತ್ತರ. ನಾನೂ ಸರ್ಕಾರಿ ಸಂಬಳದ ಮೇಷ್ಟ್ರು. ಇಲ್ಲಿಗೆ ಈ ಮಾತು ಸಾಕು.

ಇನ್ನೊಂದು ಒಪ್ಪಂದ 177ನೇದು. ಮನೆಯಲ್ಲೇ ಕೂತು ಬೇರೆಯವರಿಗಾಗಿ ದುಡಿಯುವವರ ಬಗ್ಗೆ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರು, ಬೇರೆ ಕಡೆ ಊದುಬತ್ತಿ ಹೊಸೆಯುವವರು ಇಂಥವರೇ. ಇವರನ್ನೂ ಕಾರ್ಮಿಕರು ಎಂದು ಲೆಕ್ಕಕ್ಕೆ ಹಿಡಿಯಿರಿ, ಬೇರೆ ಕೂಲಿಯವರಿಗೆ ಸಮನಾಗಿ ಕಾಣಿರಿ ಎನ್ನುತ್ತದೆ ಆ ಒಪ್ಪಂದ. ಅದು 1996ರಲ್ಲಿ ಪಾಸಾಗಲು ದುಡಿದವರಲ್ಲಿ ನಮ್ಮ ಅಹಮದಾಬಾದಿನ 'ಸೇವಾ' ಸಂಘದ ಹೆಂಗಸರು ಮುಂದಿದ್ದರು. ಇಳಾ ಭಟ್ ಅವರು ಕಟ್ಟಿದ ಸಂಘ ಅದು. ನಮ್ಮ ಹೆಣ್ಣುಮಕ್ಕಳು ಹೋರಾಡಿ ತಂದ ಒಪ್ಪಂದಕ್ಕೆ 2024ರವರೆಗೂ ನಮ್ಮ ದೇಶದ ಸಹಿ ಬಿದ್ದಿರಲಿಲ್ಲ. ಬೀಡಿಯವರಿಗೆ ಮಾತ್ರ 1966ರಲ್ಲೇ ಬೇರೆ ಕಾಯ್ದೆ ಬಂದಿತ್ತು. ಅದರಲ್ಲಿ ಮನೆಯಲ್ಲಿ ಕಟ್ಟುವವರನ್ನೂ ಸೇರಿಸಿದ್ದರು.

ಮತ್ತೆ ಅದೇ ಅರವತ್ತು

2020ರಲ್ಲಿ ಕೊರೊನಾ ಬಂತು. ಲಾಕ್‌ಡೌನ್ ಆಯಿತು. ಕಾರ್ಖಾನೆಗಳಿಗೆ ನಷ್ಟವಾಗಿದೆ ಎಂದು ಹಲವು ರಾಜ್ಯಗಳು ದುಡಿಮೆಯ ಹೊತ್ತನ್ನು ಹೆಚ್ಚಿಸಿದವು. ಕರ್ನಾಟಕ ಸರ್ಕಾರವೂ ಮೇ 22ರಂದು ಆದೇಶ ಹೊರಡಿಸಿತು. ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ. ಮೂರು ತಿಂಗಳ ಮಟ್ಟಿಗೆ.

60! ಆ ಸಂಖ್ಯೆ ನೋಡಿ ನನಗೆ 1919 ನೆನಪಾಯಿತು. ನೂರಾ ಒಂದು ವರ್ಷ ಹಿಂದಕ್ಕೆ ಹೋದ ಹಾಗಾಯಿತು.

ದೇಶದ ಹತ್ತು ಕೇಂದ್ರ ಕಾರ್ಮಿಕ ಸಂಘಗಳು ಆ ತಿಂಗಳು ಜಿನೀವಾಕ್ಕೆ ಪತ್ರ ಬರೆದವು. ಐ.ಎಲ್.ಒ. ಮುಖ್ಯಸ್ಥರು ನಮ್ಮ ಪ್ರಧಾನಿಯವರಿಗೆ ತಮ್ಮ ಕಳವಳ ತಿಳಿಸಿದರು. ದೇಶ ಕೊಟ್ಟ ಮಾತನ್ನು ಕೇಂದ್ರವೂ ರಾಜ್ಯಗಳೂ ಉಳಿಸಿಕೊಳ್ಳುವಂತೆ ಹೇಳಿ ಎಂದು ಕೋರಿದರು. ಇತ್ತ ನಮ್ಮ ರಾಜ್ಯದ ಆದೇಶದ ಮೇಲೆ ಹೈಕೋರ್ಟಿನಲ್ಲಿ ಕೇಸು ಬಿತ್ತು. ಜೂನ್ 11ರಂದು ಸರ್ಕಾರ ಆದೇಶವನ್ನು ವಾಪಸ್ ತೆಗೆದುಕೊಂಡಿತು.

2023ರಲ್ಲಿ ರಾಜ್ಯ ಮತ್ತೆ ಕಾರ್ಖಾನೆ ಕಾಯ್ದೆಯನ್ನು ತಿದ್ದಿತು. ಈ ಸಲ ವಾರದ 48 ಗಂಟೆಯನ್ನು ಮುಟ್ಟಲಿಲ್ಲ. ದಿನದ ಮಿತಿಯನ್ನು 12 ಗಂಟೆಯವರೆಗೆ ಏರಿಸಲು ದಾರಿ ಮಾಡಿತು. ನಾಲ್ಕು ದಿನ ಹನ್ನೆರಡು ಗಂಟೆ ದುಡಿದರೆ 48 ಆಗುತ್ತದೆ, ಮಿಕ್ಕ ದಿನ ರಜೆ ಎಂಬ ಲೆಕ್ಕ. ಅದಕ್ಕೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಎಂದೂ ಇತ್ತು. ಕಾಗದದಲ್ಲಿ ಲೆಕ್ಕ ಸರಿ. ಆದರೆ ಹನ್ನೆರಡು ಗಂಟೆ ಮಿಷಿನ್ ಮುಂದೆ ಕೂತು, ಎರಡು ಗಂಟೆ ವ್ಯಾನಿನಲ್ಲಿ ಕಳೆದು, ಮನೆಗೆ ಬಂದು ಮುದ್ದೆ ತೊಳಸುವವರು ಯಾರು ಎಂದು ಲೆಕ್ಕ ಹಾಕಿದವರು ಕೇಳಿದಂತಿಲ್ಲ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿ ಮಾಡಿತು. ಹಳೆಯ ಕಾರ್ಖಾನೆ ಕಾಯ್ದೆ, ಬೀಡಿ ಕಾಯ್ದೆ, ಸಮಾನ ಕೂಲಿ ಕಾಯ್ದೆ ಎಲ್ಲ ಇವುಗಳೊಳಗೆ ಸೇರಿದವು. ದಿನಕ್ಕೆ 8 ಗಂಟೆ, ವಾರಕ್ಕೆ ಆರೇ ದಿನ ಎಂದು ಹೊಸ ಸಂಹಿತೆಯಲ್ಲಿದೆ. ಅದಕ್ಕಿಂತ ಹೆಚ್ಚು ದುಡಿಸಬೇಕಾದರೆ ಕಾರ್ಮಿಕರ ಒಪ್ಪಿಗೆ ಬೇಕು. ಆ ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೂಲಿ ಕೊಡಬೇಕು.

ಎರಡು ಪಟ್ಟು ಅಂದೆನಲ್ಲ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಲೆಕ್ಕ ಮಾಡಿದೆವು. ದಿನದ ಕೂಲಿ 480 ರೂಪಾಯಿ ಎಂದು ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ ಅಷ್ಟೆ. ಎಂಟು ಗಂಟೆಗೆ 480. ಒಂದು ಗಂಟೆಗೆ 60. ಓಟಿ ಒಂದು ಗಂಟೆಗೆ 120 ಬರಬೇಕು.

ಅಕ್ಕ ಬಾಯಲ್ಲೇ ಲೆಕ್ಕ ಹಾಕಿದರು. ಪಕ್ಕದಲ್ಲಿದ್ದವರ ಮುಖ ನೋಡಿದರು. "ನಮ್ಗೆ ಒಂದೇ ಪಟ್ಟು ಕೊಡ್ತಾವ್ರೆ ಮೇಷ್ಟ್ರೇ" ಅಂದರು. ಆರು ಜನರೂ ಸಂಬಳದ ಚೀಟಿ ತಂದು ತೋರಿಸಿದರು. ಅದರಲ್ಲಿ ಓಟಿಯ ಗಂಟೆ ಎಷ್ಟು ಎಂದು ಬರೆದೇ ಇರಲಿಲ್ಲ. ಒಟ್ಟು ರೂಪಾಯಿ ಮಾತ್ರ ಇತ್ತು.

ಆವತ್ತಿನಿಂದ ಅಕ್ಕ ಒಂದು ನೋಟ್‌ಬುಕ್ ಇಟ್ಟರು. ತಾರೀಕು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು. ಮೊದಲ ಪುಟದಲ್ಲಿ 8ನ್ನು ಎರಡು ಸೊನ್ನೆ ಒಂದರ ಮೇಲೊಂದು ಇಟ್ಟಂತೆ ಬರೆದಿದ್ದಾರೆ. ಕೊನೆಯ ಪುಟಕ್ಕೆ ಬರುವಾಗ ಅಕ್ಷರ ದುಂಡಗಾಗಿದೆ. ಉಳಿದ ಐದು ಜನರೂ ಹಾಗೇ ಬರೆದರು.

ಆಮೇಲೆ ಅರ್ಜಿಯ ಮಾತು ಬಂತು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರಿಗೆ ಕೊಡಬೇಕು. ಎಲ್ಲರಿಗೂ ಭಯ. "ಯಾರು ಹೇಳಿದ್ದು ಅಂತ ಫ್ಯಾಕ್ಟರೀಲಿ ಗೊತ್ತಾದ್ರೆ ನಾಳೆಯಿಂದ ಕೆಲಸ ಇಲ್ಲ" ಅಂದರು ಒಬ್ಬರು. ಅವರ ಭಯ ಸುಳ್ಳಲ್ಲ. ಇದಕ್ಕೂ ಜಿನೀವಾದಲ್ಲಿ ಒಂದು ಮಾತಿದೆ. 81ನೇ ಒಪ್ಪಂದ ಕಾರ್ಮಿಕ ಇನ್‌ಸ್ಪೆಕ್ಟರುಗಳ ಬಗ್ಗೆ. ಭಾರತ ಅದಕ್ಕೆ 1949ರಲ್ಲೇ ಸಹಿ ಹಾಕಿದೆ. ದೂರು ಕೊಟ್ಟವರು ಯಾರು ಎಂಬುದನ್ನು ಇನ್‌ಸ್ಪೆಕ್ಟರ್ ಪೂರ್ತಿ ಗುಟ್ಟಾಗಿ ಇಡಬೇಕು, ದೂರು ಬಂದದ್ದರಿಂದ ತಪಾಸಣೆಗೆ ಬಂದೆ ಎಂದು ಮಾಲೀಕರಿಗೆ ಹೇಳಬಾರದು ಎಂದು ಅದರಲ್ಲಿ ಬರೆದಿದೆ.

ಇದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಬರೆದಿರೋದು ಸರಿ, ಅವ್ರು ನಡ್ಕೋತಾರಾ?" ಅಂದರು ಒಬ್ಬರು. ಖಂಡಿತ ನಡೆದುಕೊಳ್ಳುತ್ತಾರೆ ಎಂದು ನಾನು ಭರವಸೆ ಕೊಡಲಿಲ್ಲ. ಕೇಳುವ ಹಕ್ಕು ನಿಮಗಿದೆ ಎಂದಷ್ಟೇ ಹೇಳಿದೆ. ಇಬ್ಬರು ಹಿಂದೆ ಸರಿದರು. ಮನೆಯಲ್ಲಿ ಅವರೊಬ್ಬರದೇ ದುಡಿಮೆ. ಅವರನ್ನು ಯಾರೂ ಹೀಗಳೆಯಲಿಲ್ಲ.

ನಾಲ್ಕು ಜನ ಅರ್ಜಿ ಬರೆದರು. ನಾನು ಬರೆದುಕೊಡುತ್ತೇನೆ ಅಂದರೆ ಅಕ್ಕ ಬೇಡ ಅಂದರು. ಕಾಗುಣಿತ ತಪ್ಪು ಇದ್ದಲ್ಲಿ ಮಾತ್ರ ನನ್ನನ್ನು ಕೇಳಿದರು. ನೋಟ್‌ಬುಕ್ಕಿನ ಪುಟಗಳ ಜೆರಾಕ್ಸ್ ಹಚ್ಚಿದರು. ಕೆಳಗೆ ನಾಲ್ಕು ಸಹಿ. ಹೆಬ್ಬೆಟ್ಟು ಒಂದೂ ಇಲ್ಲ. ಕಚೇರಿಯವರು ಅರ್ಜಿ ತೆಗೆದುಕೊಂಡು ಸೀಲು ಹೊಡೆದ ಒಂದು ಪ್ರತಿ ವಾಪಸ್ ಕೊಟ್ಟಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಇನ್‌ಸ್ಪೆಕ್ಟರ್ ಇನ್ನೂ ಫ್ಯಾಕ್ಟರಿಗೆ ಬಂದಿಲ್ಲ. ಅಕ್ಕನ ಮೊದಲ ನೋಟ್‌ಬುಕ್ ತುಂಬಿತು. ನಿನ್ನೆ ಎರಡನೆಯದಕ್ಕೆ ಗೆರೆ ಎಳೆದುಕೊಡಿ ಎಂದು ತಂದಿದ್ದರು.